ಮ್ಯಾಪ್‌ನಲ್ಲಿ ಗೆರೆ ಇದ್ದ ಮಾತ್ರಕ್ಕೆ ಅದು ದಾರಿಯಲ್ಲ: ಘಟ್ಟದಲ್ಲಿ ಮೌಂಟೇನ್ ಬೈಕಿಂಗ್

ಈ ವಾರದ ಎಪಿಸೋಡ್ ಸೈಕಲ್ ಬಗ್ಗೆ. ತೆಳು ಟೈರಿನ ರೋಡ್ ಸೈಕಲ್ ಅಲ್ಲ. ದಪ್ಪ ಟೈರು, ಮುಂದೆ ಸಸ್ಪೆನ್ಷನ್ ಇರುವ ಮೌಂಟೇನ್ ಬೈಕ್, ಶಾರ್ಟ್ ಆಗಿ ಎಂಟಿಬಿ.

ಸೈಕ್ಲಿಂಗ್ ಬಗ್ಗೆ ಏನೇ ಮಾತಾಡಿದ್ರೂ ನನಗೆ ಬರುವ ಮೆಸೇಜ್ ಹೆಚ್ಚುಕಡಿಮೆ ಒಂದೇ: "ಸಕಲೇಶಪುರ, ಚಿಕ್ಕಮಗಳೂರು ಕಡೆ ಕಾಡೊಳಗೆ ಹೋಗೋ ಟ್ರೇಲ್ ಇದ್ರೆ ಜಿಪಿಎಕ್ಸ್ ಫೈಲ್ ಕಳಿಸಿ ಬ್ರೋ." ನಾನು ಕಳಿಸಲ್ಲ. ಯಾಕೆ ಕಳಿಸಲ್ಲ, ಅದರ ಬದಲು ಎಲ್ಲಿಗೆ ಹೋಗಬಹುದು, ಹೇಗೆ ಹೋಗಬೇಕು ಅನ್ನೋದೇ ಇವತ್ತಿನ ಮಾತು.

ಮೊದಲು ಈ ಗೆರೆಗಳು ಎಲ್ಲಿಂದ ಬರ್ತವೆ ನೋಡೋಣ. ಸ್ಟ್ರಾವಾದಂಥ ಆ್ಯಪ್‌ಗಳು ಎಲ್ಲರ ರೈಡ್ ಸೇರಿಸಿ ಹೀಟ್‌ಮ್ಯಾಪ್ ಮಾಡ್ತವೆ. ಹೆಚ್ಚು ಜನ ಓಡಾಡಿದ ಕಡೆ ಗೆರೆ ಹೊಳೆಯುತ್ತೆ. 2018ರಲ್ಲಿ ಇದೇ ಹೀಟ್‌ಮ್ಯಾಪ್‌ನಲ್ಲಿ ಬೇರೆ ಬೇರೆ ದೇಶಗಳ ಸೇನಾ ನೆಲೆಗಳು ಕಾಣಿಸಿಕೊಂಡು ದೊಡ್ಡ ಸುದ್ದಿಯಾಗಿತ್ತು. ಸೈನಿಕರು ಬೆಳಗ್ಗೆ ಜಾಗಿಂಗ್ ಮಾಡಿದ್ದೇ ಗೆರೆಯಾಗಿತ್ತು. ಇಲ್ಲಿಂದ ಗೊತ್ತಾಗೋದು ಏನು? ಅಲ್ಲಿ ಯಾರೋ ಹೋಗಿದ್ರು ಅಂತ ಮಾತ್ರ ಆ ಗೆರೆ ಹೇಳುತ್ತೆ. ಅವರಿಗೆ ಅನುಮತಿ ಇತ್ತಾ, ಅವರು ಎಸ್ಟೇಟ್‌ನವರಾ, ಅರಣ್ಯ ಇಲಾಖೆಯ ವಾಚರಾ, ಹೋಗಿದ್ದು ಯಾವ ತಿಂಗಳಲ್ಲಿ, ಇದ್ಯಾವುದನ್ನೂ ಹೇಳಲ್ಲ.

ನಮ್ಮ ಘಟ್ಟದಲ್ಲಿ ಮಣ್ಣಿನ ದಾರಿ ಅಂತ ಕಾಣೋದರಲ್ಲಿ ಮೂರು ಥರ ಇದೆ. ಒಂದು, ಊರಿಂದ ಊರಿಗೆ ಹೋಗುವ ಸಾರ್ವಜನಿಕ ರಸ್ತೆ. ಪಂಚಾಯಿತಿದೋ, ಪಿಡಬ್ಲ್ಯುಡಿದೋ, ನಾವು ಧಾರಾಳವಾಗಿ ಹೋಗಬಹುದು. ಎರಡು, ಕಾಫಿ ತೋಟದೊಳಗಿನ ದಾರಿ. ಅದು ಖಾಸಗಿ. ಉಣುಗೋಲು ತೆರೆದಿದ್ರೂ ಅದು ಆಹ್ವಾನವಲ್ಲ. ತೋಟದ ರೈಟರನ್ನೋ ಮಾಲೀಕರನ್ನೋ ಕೇಳಿ ಹೋಗಬೇಕು. ಮರ್ಯಾದೆಯಿಂದ ಕೇಳಿದ್ರೆ ಒಪ್ಪುವವರೂ ಇದ್ದಾರೆ. ಮೂರು, ಕಾಡಿನ ದಾರಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋದ್ರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನವಾದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯ ಆಗುತ್ತೆ. ಇಲಾಖೆಯ ಚಾರಣ ಬುಕಿಂಗ್ ಈಗ ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲಿ ನಡೆಯುತ್ತೆ. ಆದ್ರೆ ಚಾರಣದ ಟಿಕೆಟ್ ಅಂದ್ರೆ ನಡೆಯೋದಕ್ಕೆ ಟಿಕೆಟ್, ಸೈಕಲ್ ತುಳಿಯೋದಕ್ಕಲ್ಲ.

ಸಕಲೇಶಪುರದಲ್ಲೇ ಇದಕ್ಕೊಂದು ಪಾಠ ಇದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ಗೆ ಹೋಗುವ ರೈಲು ಮಾರ್ಗದಲ್ಲಿ 57 ಸುರಂಗ ಇವೆ. ಹಳಿ ಮೇಲೆ ನಡ್ಕೊಂಡು ಹೋಗೋದು ಒಂದು ಕಾಲದಲ್ಲಿ 'ಗ್ರೀನ್ ರೂಟ್' ಅಂತ ಸಿಕ್ಕಾಪಟ್ಟೆ ಫೇಮಸ್ ಆಗಿತ್ತು. ಬ್ಲಾಗ್‌ಗಳಲ್ಲಿ ಬಂತು, ಎಲ್ಲರೂ ಹೋದ್ರು, ಹಾಗಾಗಿ ಎಲ್ಲರೂ ಅದನ್ನ ದಾರಿ ಅಂದ್ಕೊಂಡ್ರು. ಆದ್ರೆ ಹಳಿ ಮೇಲೆ ನಡೆಯೋದು ಅಪರಾಧ. ರೈಲ್ವೆ ಅದನ್ನ ನಿಷೇಧಿಸಿದೆ. ಕಾಡಿನ ಟ್ರೇಲ್‌ಗಳೂ ಇದೇ ದಾರಿ ಹಿಡೀಬಾರದು ಅನ್ನೋದು ನನ್ನ ಆಸೆ.

ಹಾಗಾದ್ರೆ ಎಂಟಿಬಿ ತಗೊಂಡು ಎಲ್ಲಿ ಹೋಗೋದು? ಒಂದು ಉದಾಹರಣೆ ಹೇಳ್ತೀನಿ: ಬಿಸಿಲೆ ಘಾಟ್. ಸಕಲೇಶಪುರದಿಂದ ಹೆತ್ತೂರು, ವಣಗೂರು, ಬಿಸಿಲೆ, ಕುಲ್ಕುಂದ ಮೇಲೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಸಾರ್ವಜನಿಕ ರಸ್ತೆ. ಒಟ್ಟು 60 ಕಿಲೋಮೀಟರ್ ಆಸುಪಾಸು. ಕುಕ್ಕೆ ಸಕಲೇಶಪುರಕ್ಕಿಂತ ಸುಮಾರು 800 ಮೀಟರ್ ಕೆಳಗಿದೆ. ಅಂತ ಬರೀ ಇಳಿಜಾರು ಅಂದ್ಕೋಬೇಡಿ. ಮೊದಲರ್ಧ ಪೂರ್ತಿ ಮಲೆನಾಡಿನ ಏರಿಳಿತ. ಒಂದು ಗುಡ್ಡ ಹತ್ತಿ ಇಳಿದ್ರೆ ಇನ್ನೊಂದು ಕಾಯ್ತಿರುತ್ತೆ. ಬಿಸಿಲೆ ದಾಟಿದ ಮೇಲೆ ನಿಜವಾದ ಇಳಿಜಾರು, ಎರಡೂ ಬದಿ ದಟ್ಟ ಕಾಡು.

ಆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ರಿಡ್ಜ್ ಪಾಯಿಂಟ್ ಅಂತ ಒಂದು ಜಾಗ ಇದೆ, ಅಲ್ಲೊಂದು ಹಳೇ ಕಲ್ಲು. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಇನ್ನೊಂದು ಬದಿಯದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಕಾರಲ್ಲಿ ಹೋದ್ರೆ ಇದು ಒಂದು ಸೆಲ್ಫಿ. ಸೈಕಲ್‌ನಲ್ಲಿ ಹೋದ್ರೆ ಕಾಲಿಗೇ ಗೊತ್ತಾಗುತ್ತೆ.

ಇಳಿಜಾರಲ್ಲಿ ಬ್ರೇಕ್ ವಿಷಯ ಸ್ವಲ್ಪ ಗಮನ ಕೊಡಿ. ಲಿವರ್ ಹಿಡಿದು ಹಾಗೇ ಇಟ್ಕೊಂಡ್ರೆ ಡಿಸ್ಕ್ ಕಾದು ಹಿಡಿತ ಕಮ್ಮಿ ಆಗುತ್ತೆ. ತಿರುವಿಗೆ ಮುಂಚೆ ವೇಗ ಇಳಿಸಿ, ಹಿಡಿದು ಬಿಟ್ಟು ಮಾಡಿ, ಮೈಭಾರ ಸ್ವಲ್ಪ ಹಿಂದಕ್ಕೆ ಹಾಕಿ. ಜಲ್ಲಿ, ಒದ್ದೆ ಎಲೆ ಇದ್ದ ಕಡೆ ಮುಂದಿನ ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ. ಮಳೆಗಾಲದಲ್ಲಿ ಈ ದಾರಿ ಬೇಡ. ಗುಡ್ಡ ಕುಸಿತದ ಭಯ, ಪಾಚಿ, ಜೊತೆಗೆ ಕಾಲು ತುಂಬ ಉಂಬಳ. ನೆಟ್‌ವರ್ಕ್ ಸಿಗದ ಜಾಗ ಬಹಳ ಇವೆ. ಆಫ್‌ಲೈನ್ ಮ್ಯಾಪ್ ಇರಲಿ, ಎಷ್ಟೊತ್ತಿಗೆ ತಲುಪ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಪಂಕ್ಚರ್ ಕಿಟ್, ಪಂಪು, ಒಂದು ಎಕ್ಸ್‌ಟ್ರಾ ಟ್ಯೂಬು ಕಡ್ಡಾಯ.

ಈಗ ಮುಖ್ಯ ವಿಷಯ. ಆನೆ.

2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆ, ದೇಶದಲ್ಲೇ ಅತಿ ಹೆಚ್ಚು. ಸಕಲೇಶಪುರ, ಆಲೂರು, ಬೇಲೂರು ಕಡೆ ಅವು ಕಾಡಲ್ಲಷ್ಟೇ ಅಲ್ಲ, ಕಾಫಿ ತೋಟದಲ್ಲೂ ಇರ್ತವೆ. ಕಾರು, ಬೈಕು ಬಂದ್ರೆ ಆನೆಗೆ ದೂರದಿಂದಲೇ ಸದ್ದು ಕೇಳುತ್ತೆ, ಅದು ಸರಿದು ಹೋಗೋಕೆ ಟೈಮ್ ಸಿಗುತ್ತೆ. ಸೈಕಲ್‌ಗೆ ಸದ್ದೇ ಇಲ್ಲ. ತಿರುವಲ್ಲಿ ನೀವು ಪ್ರತ್ಯಕ್ಷ ಆದ್ರೆ ಆನೆಗೂ ಶಾಕ್, ನಿಮಗೂ ಶಾಕ್. ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ನುಗ್ಗಬಲ್ಲದು. ಏರಲ್ಲಿ, ಮಣ್ಣಿನ ದಾರಿಯಲ್ಲಿ ನಾವು ತುಳಿಯೋದು ಏಳೋ ಎಂಟೋ. ಲೆಕ್ಕ ನೀವೇ ಹಾಕ್ಕೊಳ್ಳಿ.

ಆದ್ರೆ ನಾನು ಹೇಳಬೇಕಂದಿದ್ದು ನಮ್ಮ ಜೀವದ ಬಗ್ಗೆ ಮಾತ್ರ ಅಲ್ಲ. ಬೆಳಗ್ಗೆ ಆರಕ್ಕೆ ಸನ್‌ರೈಸ್ ವಿಡಿಯೋಗೆ ಅಂತ ನೀವು ತೋಟದ ದಾರಿಗೆ ನುಗ್ಗಿ ಒಂದು ಆನೆಯನ್ನ ಗಾಬರಿ ಪಡಿಸಿದ್ರಿ ಅಂದ್ಕೊಳ್ಳಿ. ನೀವು ತಪ್ಪಿಸ್ಕೊಂಡು ಬಂದ್ರಿ, ವಿಡಿಯೋ ವೈರಲ್ ಆಯ್ತು. ಎಂಟು ಗಂಟೆಗೆ ಅದೇ ತೋಟಕ್ಕೆ ಲೈನ್ ಮನೆಯಿಂದ ಅಮ್ಮಂದಿರು, ಅಕ್ಕಂದಿರು ಬುತ್ತಿ ಹಿಡ್ಕೊಂಡು ಕೆಲಸಕ್ಕೆ ನಡ್ಕೊಂಡು ಹೋಗ್ತಾರೆ. ಸಿಟ್ಟಾದ ಆನೆ ಎದುರಾಗೋದು ಅವರಿಗೆ. ನಮಗೆ ಅದು ವೀಕೆಂಡು, ಅವರಿಗೆ ದಿನಗೂಲಿ. ಇವತ್ತು ಬೇಡ ಅಂತ ಮನೇಲಿ ಕೂರೋ ಆಯ್ಕೆ ಅವರಿಗಿಲ್ಲ.

ಆ ಭಾಗದಲ್ಲಿ ಆನೆ ಯಾವ ಕಡೆ ಇದೆ ಅಂತ ಜನರಿಗೆ ಎಸ್‌ಎಂಎಸ್, ವಾಟ್ಸ್‌ಆ್ಯಪ್‌ನಲ್ಲಿ ಮಾಹಿತಿ ಹೋಗುತ್ತೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ನೀವು ಉಳ್ಕೊಂಡ ಹೋಮ್‌ಸ್ಟೇಯವರಿಗೆ, ಬೆಳಗ್ಗೆ ಟೀ ಕುಡಿಯೋ ಹೋಟೆಲಿನವರಿಗೆ ಇದು ಗೊತ್ತಿರುತ್ತೆ. "ಅಣ್ಣ, ಇವತ್ತು ಆನೆ ಯಾವ ಕಡೆ ಇದೆ?" ಅಂತ ಕೇಳಿ. ಅವರು ಬೇಡ ಅಂದ್ರೆ ಬೇಡ. ಯಾವ ಆ್ಯಪ್‌ಗಿಂತಲೂ ಅವರ ಮಾತು ಜಾಸ್ತಿ ಅಪ್‌ಡೇಟ್ ಆಗಿರುತ್ತೆ. ಚೆನ್ನಾಗಿ ಬೆಳಕಾದ ಮೇಲೆ ಹೊರಡಿ, ಸಂಜೆ ಕತ್ತಲಾಗೋಕೆ ಮುಂಚೆ ಊರು ಸೇರಿ. ಇಯರ್‌ಫೋನ್ ತೆಗೀರಿ, ನನ್ನ ಪಾಡ್‌ಕಾಸ್ಟ್ ಆದ್ರೂ ಸರಿ. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡ್ರೆ ವಾಪಸ್ ತಿರುಗಿ.

ಇನ್ನೊಂದು ವಿಷಯ, ಇದನ್ನ ಸೈಕ್ಲಿಸ್ಟ್‌ಗಳು ಮಾತಾಡೋದೇ ಕಮ್ಮಿ: ಮಂಗನ ಕಾಯಿಲೆ, ಅಂದ್ರೆ ಕೆಎಫ್‌ಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉಣ್ಣೆ ಕಚ್ಚೋದರಿಂದ ಬರುತ್ತೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರಕರಣಗಳು ಬರ್ತಾ ಇರ್ತವೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಸೀಸನ್, ನಾವು ರೈಡ್ ಹೋಗೋದೂ ಅದೇ ತಿಂಗಳಲ್ಲಿ. ಆ ಕಡೆ ಹೋದ್ರೆ ಒಣ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಸಾಕ್ಸು, ಫುಲ್ ಪ್ಯಾಂಟು ಹಾಕಿ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕಿದ್ರೆ ಹಚ್ಚಿ. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೀರಿ. ಕಾಡಲ್ಲಿ ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದು ಒಂದು ವಾರ, ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರ್‌ಗೆ "ಮಲೆನಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ. ಬೆಂಗಳೂರಿನ ಕ್ಲಿನಿಕ್‌ನಲ್ಲಿ ಅದನ್ನ ಯಾರೂ ತಾನಾಗೇ ಊಹಿಸಲ್ಲ.

ಇಷ್ಟೆಲ್ಲ ಕೇಳಿ "ಹಾಗಾದ್ರೆ ಹೋಗೋದೇ ಬೇಡ್ವಾ?" ಅಂದ್ರೆ, ಖಂಡಿತ ಹೋಗಿ. ಘಟ್ಟವನ್ನ ನೋಡೋಕೆ ಸೈಕಲ್‌ನಷ್ಟು ಒಳ್ಳೆ ವೇಗ ಬೇರೆ ಇಲ್ಲ. ಕಾಫಿ ಹೂವಿನ ವಾಸನೆ ಕಾರಿನ ಗಾಜಿನೊಳಗೆ ಬರಲ್ಲ. ಮೂರು ಕೆಲಸ ಮಾತ್ರ ಮಾಡಿ. ಸಾರ್ವಜನಿಕ ರಸ್ತೆ ಆರಿಸ್ಕೊಳ್ಳಿ, ಘಟ್ಟದ ಹಳ್ಳಿ ರಸ್ತೆಗಳೇ ನಮ್ಮ ಟೈರಿಗೆ ಸಾಕಷ್ಟು ಪರೀಕ್ಷೆ ಕೊಡ್ತವೆ. ತೋಟವಾದ್ರೆ ಕೇಳಿ ಹೋಗಿ. ಆಮೇಲೆ, ಅನುಮತಿ ತಗೊಂಡು ಹೋದ ತೋಟದ ದಾರಿಯ ರೆಕಾರ್ಡಿಂಗನ್ನ ಆ್ಯಪ್‌ನಲ್ಲಿ ಪ್ರೈವೇಟ್ ಮಾಡಿ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಒಂದು ನಿಮಿಷದ ಕೆಲಸ ಅಷ್ಟೇ. ಅನುಮತಿ ನಿಮಗೆ ಸಿಕ್ಕಿದ್ದು. ನಿಮ್ಮ ಗೆರೆ ಹಿಡ್ಕೊಂಡು ನಾಳೆ ಬರೋ ಐವತ್ತು ಜನಕ್ಕೆ ಅಲ್ಲ. ಅವರಲ್ಲಿ ಒಬ್ಬರಿಗೆ ಏನಾದ್ರೂ ಆದ್ರೆ ಗೇಟು ಎಲ್ಲರಿಗೂ ಮುಚ್ಚುತ್ತೆ, ಬೈಗುಳ ಬೀಳೋದು ಒಳಗೆ ಬಿಟ್ಟ ರೈಟರಿಗೆ.

ಆದ್ದರಿಂದ ಜಿಪಿಎಕ್ಸ್ ಕಳಿಸಿ ಅಂತ ಕೇಳಿದವರಿಗೆ ನನ್ನ ಉತ್ತರ: ಊರಿನ ಹೆಸರು ಹೇಳ್ತೀನಿ, ರಸ್ತೆ ಹೇಳ್ತೀನಿ, ಕಾಡಿನ ಗೆರೆ ಕೊಡಲ್ಲ. ನಿಮ್ಮ ಕಡೆ ಸೈಕಲ್‌ಗೆ ಒಪ್ಪುವ ಒಳ್ಳೆ ಹಳ್ಳಿ ರಸ್ತೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ. ಹೆಲ್ಮೆಟ್ ಮರೀಬೇಡಿ. ಸಿಗೋಣ, ನಮಸ್ಕಾರ.