ಸಕ್ಕರೆಯ ಲೆಕ್ಕ, ಹೊಟ್ಟೆಯ ಮಾತು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಸಾಕುವ ಮನೆಗಳಲ್ಲಿ ಬೆಳೆದವರು ಒಂದು ಸಂಗತಿಯನ್ನು ಕಣ್ಣಾರೆ ಕಂಡಿರುತ್ತೀರಿ. ರೇಷ್ಮೆಹುಳು ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಮೇಯುತ್ತದೆ. ಆದರೆ ಹಣ್ಣಾದ ಮೇಲೆ ಎಂಥ ಒಳ್ಳೆಯ ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ಚಂದ್ರಿಕೆಯಲ್ಲಿ ಗೂಡು ಕಟ್ಟಲು ತೊಡಗುತ್ತದೆ. 'ಇನ್ನು ಸಾಕು' ಎಂಬುದು ಹುಳುವಿಗೆ ಗೊತ್ತು. ನಮಗೆ ಗೊತ್ತೇ?

ನಮ್ಮ ದೇಹಕ್ಕೂ ಗೊತ್ತು. ಹೊಟ್ಟೆ ತುಂಬಿ ಹಿಗ್ಗಿದಾಗ ನರಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಕರುಳಿನ ಹಾರ್ಮೋನುಗಳೂ ಅದನ್ನೇ ಹೇಳುತ್ತವೆ. ಈ ಸುದ್ದಿ ಪೂರ್ತಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಐದೇ ನಿಮಿಷದಲ್ಲಿ ಉಂಡು ಏಳುವವನಿಗೆ ಅದು ಕೇಳಿಸುವುದಾದರೂ ಹೇಗೆ?

ಈಗ ಸ್ವಲ್ಪ ಲೆಕ್ಕ ಮಾಡೋಣ. ಆಹಾರದಿಂದ ಸಿಗುವ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ. ಅಂದರೆ 80 ಗ್ರಾಂ ಸಕ್ಕರೆಯೂ 320 ಕ್ಯಾಲೊರಿಯೇ. ಅಷ್ಟು ಸಕ್ಕರೆ 16 ಚಹಾ ಚಮಚವಾಗುತ್ತದೆ. ಅಷ್ಟನ್ನು ಯಾರೂ ಬಾಯಿಗೆ ಸುರಿದುಕೊಳ್ಳುವುದಿಲ್ಲ. ಆದರೆ 250 ಮಿಲಿಲೀಟರಿನ ಸಿಹಿ ತಂಪುಪಾನೀಯದ ಮೂರು ಬಾಟಲಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ ಇರುತ್ತದೆ. ಅದನ್ನು ಕುಡಿಯುವುದು ಕಷ್ಟವೇನಲ್ಲ.

ಕ್ಯಾಲೊರಿ ಒಂದೇ ಆದರೂ ಹೊಟ್ಟೆಗೆ ಎರಡೂ ಒಂದೇ ಅಲ್ಲ. ಬಿಸಿ ಮುದ್ದೆಯನ್ನು ಮುರಿದು, ಉಂಡೆ ಮಾಡಿ, ಬಸ್ಸಾರಿನಲ್ಲಿ ಅದ್ದಿ ನುಂಗಲು ಹೊತ್ತು ಹಿಡಿಯುತ್ತದೆ. ಅದರಲ್ಲಿ ನಾರಿದೆ, ಮೂಳೆಗೆ ಬೇಕಾದ ಸುಣ್ಣದ ಅಂಶವಿದೆ. ಉಂಡವನು ಮಧ್ಯಾಹ್ನದವರೆಗೂ ಹೊಲದಲ್ಲಿ ದುಡಿಯಬಲ್ಲ. ಸಿಹಿನೀರು ಗಂಟಲಿನಿಂದ ಜಾರಿಹೋಗುತ್ತದೆ. ಹೊಟ್ಟೆ ಅದನ್ನು ಊಟವೆಂದು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಬೆಲ್ಲವಾದರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಕ್ಯಾಲೊರಿಯಲ್ಲಿ ಬೆಲ್ಲವೂ ಸಕ್ಕರೆಗೆ ಹತ್ತಿರದ ನೆಂಟನೇ. ರಾಗಿಯೂ ಪಿಷ್ಟವೇ, ದುಡಿಯದೆ ಕೂತು ಎರಡು ಮುದ್ದೆ ಉಂಡರೆ ಅದೂ ಹೆಚ್ಚಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಸೂಚಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು 50 ಗ್ರಾಂ, ಅಂದರೆ 10 ಚಮಚ ಸಕ್ಕರೆ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಎರಡು ಚಮಚ ಹಾಕಿದ ಎರಡು ಲೋಟ ಕಾಫಿ, ಒಂದು ಬಾಟಲಿ ಪಾನೀಯ: ಆಗಲೇ ಒಂಬತ್ತು ಚಮಚ ದಾಟಿತು. ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ!

ಹಾಗೆಂದು ತುತ್ತುತುತ್ತಿಗೂ ಲೆಕ್ಕ ಬರೆಯಬೇಕಾಗಿಲ್ಲ. ಏನಾದರೂ ತಿನ್ನಬೇಕೆನಿಸಿದಾಗ ನಿಮ್ಮನ್ನೇ ಕೇಳಿಕೊಳ್ಳಿ: "ಈಗ ಮುದ್ದೆ, ಸೊಪ್ಪಿನ ಸಾರು ಇಟ್ಟರೆ ಉಣ್ಣುತ್ತೇನೆಯೇ?" ಹೌದಾದರೆ ಅದು ಹಸಿವು, ಉಣ್ಣಿ. ಸಿಹಿಯೇ ಬೇಕೆಂದರೆ ಅದು ಬಾಯಿಚಪಲ. ಬಾಯಾರಿಕೆಯಾದರೆ ಮೊದಲು ನೀರು ಕುಡಿಯಿರಿ.

ಹೊಟ್ಟೆ 'ಬೇಕು' ಎಂದಾಗಲೂ ಕೇಳಬೇಕು. ಬೆಳಗಿನ ಬಸ್ಸು ಹಿಡಿಯುವ ಆತುರದಲ್ಲಿ ಬರಿಹೊಟ್ಟೆಯಲ್ಲಿ ಬೆಂಗಳೂರಿಗೆ ಹೊರಡುವ ಹುಡುಗ ಹನ್ನೊಂದು ಗಂಟೆಗೆ ಅಂಗಡಿಯ ಸಿಹಿಗೆ ಕೈ ಹಾಕುತ್ತಾನೆ. ತೆಳ್ಳಗಾಗಬೇಕೆಂದು ಊಟ ಬಿಡುವ ಹುಡುಗಿಗೆ ಪಾಠದ ಮೇಲೆ ಗಮನವಿರುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಹಸಿವು ಅವಮಾನವಲ್ಲ, ಅಗತ್ಯ.

ಒಂದು ಎಚ್ಚರಿಕೆಯ ಮಾತು. ರಕ್ತದಲ್ಲಿ ಸಕ್ಕರೆ ಏರುತ್ತಿರುವುದನ್ನು ದೇಹ ಬಹಳ ಕಾಲ ಹೇಳದೆಯೇ ಇರಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರಿದ್ದರೆ "ನನಗೇನೂ ಅನಿಸುತ್ತಿಲ್ಲ" ಎಂದು ಸುಮ್ಮನಿರಲು ಬಿಡಬೇಡಿ. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ನಡೆಯಲಿ.

ಇಂದು ರಾತ್ರಿಯೇ ಒಂದು ಪ್ರಯೋಗ ಮಾಡಿ. ಟಿ.ವಿ., ಮೊಬೈಲು ಆಚೆ ಇಟ್ಟು ನಿಧಾನವಾಗಿ ಉಣ್ಣಿ. ಮತ್ತೆ ಬಡಿಸಿಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. "ಇನ್ನೊಂದು ತುತ್ತು" ಎಂದು ಅಮ್ಮ ಬಲವಂತ ಮಾಡಿದರೆ, "ಸಾಕಮ್ಮ, ಹೊಟ್ಟೆ ತುಂಬಿತು" ಎನ್ನಿ. ಆ ಮಾತು ನಿಜವೋ ಅಲ್ಲವೋ ಹೊಟ್ಟೆಯನ್ನೇ ಕೇಳಿ; ಅದು ಹೇಳುತ್ತದೆ.