ರೈತರ ಕಂಪನಿ ಷೇರು ಪೇಟೆಗೆ ಹೋಗಬೇಕೇ?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ರೈತನಿಗೆ ಕಂಪನಿ ಎಂಬ ಮಾತು ಹೊಸದಲ್ಲ. ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿದಂದಿನಿಂದ, ಬ್ಯಾರನ್ನಿನಲ್ಲಿ ಹದ ಮಾಡಿದ ಹೊಗೆಸೊಪ್ಪಿನ ಬೇಲು ಹರಾಜು ಕಟ್ಟೆಗೆ ಬರುತ್ತದೆ. ಕಂಪನಿಯವರು ಬೆಲೆ ಕಟ್ಟುತ್ತಾರೆ. ರೈತ ನಿಂತು ನೋಡುತ್ತಾನೆ. ಅವನ ಪಾಲಿಗೆ ಕಂಪನಿ ಎಂದರೆ ಕೊಳ್ಳುವವನು.

ಈ ಸ್ಥಿತಿಯನ್ನು ಬದಲಿಸಬಲ್ಲ ಒಂದು ದಾರಿಯನ್ನು 2002ರ ಕಾನೂನು ತಿದ್ದುಪಡಿ ತೆರೆಯಿತು. ಆಗ ಕಂಪನಿ ಕಾಯಿದೆಗೆ ಉತ್ಪಾದಕರ ಕಂಪನಿ ಎಂಬ ಹೊಸ ಅಧ್ಯಾಯ ಸೇರಿತು. ಬೆಳೆಯುವವನೇ ಕಂಪನಿಯ ಒಡೆಯನಾಗಬಹುದಾಯಿತು. 2020ರಲ್ಲಿ ಕೇಂದ್ರ ಸರ್ಕಾರ ಇಂತಹ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯನ್ನು ಪ್ರಾರಂಭಿಸಿತು. 2025ರ ಫೆಬ್ರವರಿಯಲ್ಲಿ ಆ ಸಂಖ್ಯೆ ಮುಟ್ಟಿತು.

ಕಂಪನಿ ಹುಟ್ಟಿದ ಮೇಲೆ ಅದನ್ನು ಬೆಳೆಸುವ ಪ್ರಶ್ನೆ ಬರುತ್ತದೆ. ಎರಡು ಮೂರು ವರ್ಷ ಬೀಜ, ಗೊಬ್ಬರ ಮಾರಿದ ಕಂಪನಿಗೆ ಒಂದು ಗೋದಾಮು ಬೇಕೆನಿಸುತ್ತದೆ. ಶುಂಠಿ ತೊಳೆದು ಒಣಗಿಸುವ ಕಣ, ರಾಗಿ ಸ್ವಚ್ಛಗೊಳಿಸುವ ಯಂತ್ರ, ಅಕ್ಕಿ ಗಿರಣಿ ಎಲ್ಲಕ್ಕೂ ಹಣ ಬೇಕು. ಇರುವ ಷೇರು ಹಣ ಸಾಲದು. ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: “ಪಬ್ಲಿಕ್‌ಗೆ ಹೋಗಿ. ಷೇರು ಪೇಟೆಯಲ್ಲಿ ಬಡ್ಡಿಯಿಲ್ಲದ ಹಣ ಸಿಗುತ್ತದೆ.” ಈ ಸಲಹೆಯನ್ನು ಒಪ್ಪುವ ಮುನ್ನ ಅದರ ಒಳಹೊರಗನ್ನು ತಿಳಿಯುವುದು ಅಗತ್ಯ.

ಮೂರು ಬಗೆಯ ಕಂಪನಿಗಳು

ಖಾಸಗಿ ಕಂಪನಿಯಲ್ಲಿ 2013ರ ಕಾಯಿದೆಯ ಪ್ರಕಾರ 200ಕ್ಕಿಂತ ಹೆಚ್ಚು ಸದಸ್ಯರು ಇರುವಂತಿಲ್ಲ. ಅದು ಸಾರ್ವಜನಿಕರನ್ನು ಷೇರು ಕೊಳ್ಳಲು ಆಹ್ವಾನಿಸುವಂತಿಲ್ಲ. ಒಂದು ಮನೆತನದವರೋ ನಾಲ್ಕು ಜನ ಗೆಳೆಯರೋ ಸೇರಿ ನಡೆಸುವ ಗಿರಣಿ ಈ ಬಗೆಯದು.

ಸಾರ್ವಜನಿಕ ಕಂಪನಿ ತನ್ನ ಷೇರನ್ನು ಯಾರಿಗಾದರೂ ಮಾರಬಹುದು; ಷೇರು ಪೇಟೆಯಲ್ಲಿ ಅದನ್ನು ನೋಂದಾಯಿಸಬಹುದು. ಅಲ್ಲಿ ಸಾಮಾನ್ಯವಾಗಿ ಒಂದು ಷೇರಿಗೆ ಒಂದು ಮತ. ಸಾವಿರ ಷೇರು ಇದ್ದವನಿಗೆ ಸಾವಿರ ಮತ. ದುಡ್ಡಿದ್ದವನೇ ದೊಡ್ಡಪ್ಪ ಎಂಬ ಗಾದೆ ಇಲ್ಲಿ ನಿಯಮವೇ ಆಗಿದೆ.

ಉತ್ಪಾದಕರ ಕಂಪನಿ ಈ ಎರಡಕ್ಕೂ ಬೇರೆ. ಹತ್ತು ಜನ ಬೆಳೆಗಾರರು ಸೇರಿ ಇದನ್ನು ನೋಂದಾಯಿಸಬಹುದು. ಸದಸ್ಯರ ಸಂಖ್ಯೆಗೆ ಮೇಲ್ಮಿತಿಯಿಲ್ಲ. ವ್ಯಕ್ತಿಗಳೇ ಸದಸ್ಯರಾಗಿರುವಲ್ಲಿ, ಎಷ್ಟೇ ಷೇರು ಇರಲಿ, ಒಬ್ಬನಿಗೆ ಒಂದೇ ಮತ. ಷೇರನ್ನು ಮತ್ತೊಬ್ಬ ಸಕ್ರಿಯ ಸದಸ್ಯನಿಗೆ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಮುಖಬೆಲೆಗೆ ಮಾತ್ರ ವರ್ಗಾಯಿಸಬಹುದು. ಈ ಕಂಪನಿ ಯಾವ ಸಂದರ್ಭದಲ್ಲೂ ಸಾರ್ವಜನಿಕ ಕಂಪನಿ ಆಗತಕ್ಕದ್ದಲ್ಲ ಎಂದು ಕಾನೂನೇ ಹೇಳುತ್ತದೆ. ಆದುದರಿಂದ ಉತ್ಪಾದಕರ ಕಂಪನಿಯ ಷೇರು ಪೇಟೆಗೆ ಹೋಗುವ ಪ್ರಶ್ನೆಗೆ ನೇರ ಉತ್ತರ: ಹೋಗಲಾಗದು. ಇದು ಕೊರತೆಯೋ ರಕ್ಷಣೆಯೋ ಎಂಬುದನ್ನು ಮುಂದೆ ನೋಡಬಹುದು.

ಪೇಟೆಯ ಹಣಕ್ಕೆ ಬಡ್ಡಿಯಿಲ್ಲವೇ?

ಷೇರು ಹಣಕ್ಕೆ ಬಡ್ಡಿ ಇಲ್ಲ ಎಂಬುದು ನಿಜ. ಆದರೆ ಅದನ್ನು ಕೊಟ್ಟವನು ಸುಮ್ಮನಿರುವುದಿಲ್ಲ. ಸಾಲ ಕೊಟ್ಟವನು ಬಡ್ಡಿ ಕೇಳುತ್ತಾನೆ, ತೀರಿದ ಮೇಲೆ ಹೋಗುತ್ತಾನೆ. ಷೇರು ಕೊಂಡವನು ಲಾಭವನ್ನೂ ಕೇಳುತ್ತಾನೆ, ಮತವನ್ನೂ ಹಾಕುತ್ತಾನೆ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 600 ಸದಸ್ಯರ ಒಂದು ಕಂಪನಿ ವರ್ಷಕ್ಕೆ 10,000 ಕ್ವಿಂಟಾಲ್ ಮುಸುಕಿನ ಜೋಳ ಕೊಂಡು ಮಾರಿತೆಂದು ಇಟ್ಟುಕೊಳ್ಳಿ. ಖರ್ಚು ಕಳೆದು ಕ್ವಿಂಟಾಲಿಗೆ 60 ರೂ. ಉಳಿದರೆ ಒಟ್ಟು 6 ಲಕ್ಷ ರೂ. ಸದಸ್ಯರ ಷೇರು ಹಣ 12 ಲಕ್ಷ. ಅದಕ್ಕೆ ನೂರಕ್ಕೆ 8ರಂತೆ 96,000 ರೂ. ಕೊಟ್ಟು, 1,54,000 ರೂ. ಮೀಸಲು ನಿಧಿಗೆ ಇಟ್ಟರೆ 3,50,000 ರೂ. ಮಿಗುತ್ತದೆ. ಉತ್ಪಾದಕರ ಕಂಪನಿಯಲ್ಲಿ ಈ ಹಣವನ್ನು ಮಾಲು ಹಾಕಿದ ಪ್ರಮಾಣಕ್ಕೆ ತಕ್ಕಂತೆ ಸದಸ್ಯರಿಗೆ ಹಿಂದಿರುಗಿಸಬಹುದು. ಕ್ವಿಂಟಾಲಿಗೆ 35 ರೂ. ಆಗುತ್ತದೆ. 40 ಕ್ವಿಂಟಾಲ್ ಹಾಕಿದ ರೈತನಿಗೆ 1,400 ರೂ. ಸಲ್ಲುತ್ತದೆ.

ಇದೇ ಕಂಪನಿಯ ನೂರರಲ್ಲಿ 60 ಷೇರು ಹೊರಗಿನವರ ಕೈಯಲ್ಲಿದ್ದರೆ ಹಂಚುವ ಲಾಭದ 60 ಪಾಲು ಹೊರಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಖರೀದಿ ಬೆಲೆಯನ್ನು ಕ್ವಿಂಟಾಲಿಗೆ 20 ರೂ. ಇಳಿಸಿದರೆ ಲಾಭ 2 ಲಕ್ಷ ಏರುತ್ತದೆ. ಹೊರಗಿನ ಷೇರುದಾರ ಅದನ್ನು ಒಳ್ಳೆಯ ಆಡಳಿತ ಎನ್ನುತ್ತಾನೆ. ಮಾಲು ಹಾಕಿದ ರೈತನಿಗೆ ಅದು ನಷ್ಟ. ಒಡೆಯನೂ ಮಾರುವವನೂ ಒಬ್ಬನೇ ಆಗಿರುವಾಗ ಈ ಜಗಳವೇ ಹುಟ್ಟುವುದಿಲ್ಲ. ಕಾನೂನಿನ ತಡೆ ಕಾಪಾಡುವುದು ಈ ಒಂದು ಸಂಬಂಧವನ್ನು.

ಪೇಟೆಗೆ ಹೋಗಲು ಎಷ್ಟು ದೊಡ್ಡದಾಗಿರಬೇಕು?

ಸಣ್ಣ ಕಂಪನಿಗಳಿಗಾಗಿಯೇ ಮುಂಬಯಿಯ ಎರಡು ಷೇರು ಪೇಟೆಗಳಲ್ಲಿ 2012ರಿಂದ ಪ್ರತ್ಯೇಕ ವಿಭಾಗಗಳಿವೆ. ಷೇರು ಬಿಡುಗಡೆಯ ಬಳಿಕ ಬಂಡವಾಳ 25 ಕೋಟಿ ರೂ. ಮೀರದ ಕಂಪನಿಗಳು ಅಲ್ಲಿಗೆ ಹೋಗಬಹುದು. ಆದರೆ ಸೆಬಿ 2025ರಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ಕನಿಷ್ಠ 1 ಕೋಟಿ ರೂ. ವ್ಯವಹಾರದ ಲಾಭ ಇರಬೇಕು. ಷೇರಿಗೆ ಅರ್ಜಿ ಹಾಕುವವನ ಮೊತ್ತ 2 ಲಕ್ಷ ರೂ. ಮೀರಿರಬೇಕು. ಎಂದರೆ ಪಿರಿಯಾಪಟ್ಟಣದ ಗಿರಣಿಯೊಂದು ಪೇಟೆಗೆ ಹೋದರೂ ಅದರ ಷೇರನ್ನು ಕೊಳ್ಳುವವನು ಪಕ್ಕದ ಹಳ್ಳಿಯ ಸಣ್ಣ ರೈತನಾಗಿರುವುದು ಕಷ್ಟ.

ಕರ್ನಾಟಕದ ಪ್ರಸಿದ್ಧ ಉದಾಹರಣೆಯನ್ನು ನೋಡೋಣ. ಇನ್ಫೋಸಿಸ್ 1981ರಲ್ಲಿ ಸಣ್ಣ ಖಾಸಗಿ ಕಂಪನಿಯಾಗಿ ಆರಂಭವಾಯಿತು. ಹನ್ನೆರಡು ವರ್ಷ ವ್ಯವಹಾರ ನಡೆಸಿ, 1993ರಲ್ಲಿ ಷೇರಿಗೆ 95 ರೂ. ನಂತೆ ಸಾರ್ವಜನಿಕರ ಮುಂದೆ ಬಂತು. ಆಗಲೂ ಷೇರುಗಳೆಲ್ಲ ಸುಲಭವಾಗಿ ಖರ್ಚಾಗಲಿಲ್ಲ. ಹೆಸರು, ಲೆಕ್ಕ, ಗಿರಾಕಿ ಎಲ್ಲವೂ ಇದ್ದ ಕಂಪನಿಯ ಸ್ಥಿತಿಯೇ ಹೀಗಿತ್ತು. ಅಲ್ಲದೆ ಆ ಕಂಪನಿ ತನ್ನ ಷೇರುದಾರರಿಂದ ರಾಗಿ, ಭತ್ತ ಕೊಳ್ಳಬೇಕಿರಲಿಲ್ಲ. ಅಲ್ಲಿ ಸಲ್ಲುವುದು ಇಲ್ಲಿಯೂ ಸಲ್ಲಬೇಕೆಂದಿಲ್ಲ.

ಸುತ್ತಮುತ್ತಲ ಅನುಭವ

ರೈತನ ಕೈಯಲ್ಲಿ ಷೇರು ಇದ್ದ ಮಾತ್ರಕ್ಕೆ ಸಂಸ್ಥೆ ಉಳಿಯುತ್ತದೆ ಎಂದೂ ಹೇಳಲಾಗದು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಷೇರು ಕಂಪನಿಯಾಗಿ ಹುಟ್ಟಿತು. ಇಂದು ಅದು ಸರ್ಕಾರದ ಹಿಡಿತದಲ್ಲಿದೆ. ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ಸದಸ್ಯ ಬೆಳೆಗಾರರದೇ ಆಗಿದ್ದರೂ ವರ್ಷಗಟ್ಟಲೆ ನಿಂತುಹೋಗಿ, ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಇನ್ನೊಂದೆಡೆ ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಹುಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅದಕ್ಕೆ ಷೇರು ಪೇಟೆ ಬೇಕಾಗಲಿಲ್ಲ. ಒಡೆತನದ ಜೊತೆಗೆ ಲೆಕ್ಕದ ಶಿಸ್ತು, ಮಾರುಕಟ್ಟೆಯ ತಿಳಿವಳಿಕೆ, ಸದಸ್ಯರ ನಿಷ್ಠೆ ಇವೂ ಇರಬೇಕು.

ಹಾಗಾದರೆ ಹಣ ಎಲ್ಲಿಂದ?

ಮೊದಲನೆಯದು, ಸದಸ್ಯರ ಷೇರು. ಕೇಂದ್ರದ ಯೋಜನೆಯಡಿ ನೋಂದಾಯಿತವಾದ ಸಂಸ್ಥೆಗೆ ಸದಸ್ಯನೊಬ್ಬನಿಗೆ 2,000 ರೂ. ವರೆಗೆ, ಒಟ್ಟು 15 ಲಕ್ಷ ರೂ. ಮೀರದಂತೆ, ಸರಿಸಮ ಅನುದಾನ ದೊರೆಯುತ್ತದೆ. 500 ಸದಸ್ಯರು ತಲಾ 2,000 ರೂ. ಹಾಕಿದರೆ 10 ಲಕ್ಷ. ಅನುದಾನ ಸೇರಿ 20 ಲಕ್ಷ.

ಎರಡನೆಯದು, ತಡೆಹಿಡಿದ ಬೆಲೆ. ಮಾಲಿನ ಬೆಲೆಯಲ್ಲಿ ಸ್ವಲ್ಪ ಭಾಗವನ್ನು ಕಂಪನಿಯಲ್ಲೇ ಉಳಿಸಿ ನಂತರ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಸದಸ್ಯರು ಸಭೆಯಲ್ಲಿ ತಿಳಿದು ಒಪ್ಪಿದರೆ ಇದೇ ಒಳ್ಳೆಯ ಬಂಡವಾಳ.

ಮೂರನೆಯದು, ಸಾಲ. ಇದೇ ಯೋಜನೆಯಲ್ಲಿ 2 ಕೋಟಿ ರೂ. ವರೆಗಿನ ಸಾಲಕ್ಕೆ ಖಾತರಿಯ ಏರ್ಪಾಡಿದೆ. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಗೋದಾಮು, ಸಂಸ್ಕರಣ ಘಟಕಗಳ 2 ಕೋಟಿ ರೂ. ವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರಷ್ಟು ರಿಯಾಯಿತಿ ಇಡಲಾಯಿತು. ಯೋಜನೆಗಳ ಅವಧಿ ಬದಲಾಗುತ್ತಿರುವುದರಿಂದ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿಕೊಳ್ಳತಕ್ಕದ್ದು.

ನಾಲ್ಕನೆಯ ದಾರಿ ದೊಡ್ಡವರಾದ ಮೇಲಿನದು. ಮಹಾರಾಷ್ಟ್ರದ ನಾಸಿಕ್‌ನ ಸಹ್ಯಾದ್ರಿ ರೈತ ಉತ್ಪಾದಕ ಕಂಪನಿ ತನ್ನ ಷೇರನ್ನು ಹೊರಗಿನವರಿಗೆ ಮಾರಲಿಲ್ಲ. ಕೊಯ್ಲಿನ ನಂತರದ ಕೆಲಸಕ್ಕೆ ಒಂದು ಅಧೀನ ಕಂಪನಿಯನ್ನು ರಚಿಸಿ, 2022ರಲ್ಲಿ ಅದಕ್ಕೆ ಯೂರೋಪಿನ ಹೂಡಿಕೆದಾರರಿಂದ 310 ಕೋಟಿ ರೂ. ತಂದಿತು. ಬೇರು ರೈತರ ಕೈಯಲ್ಲಿ, ಕೊಂಬೆಗೆ ಹೊರಗಿನ ಹಣ. ಆದರೆ ಈ ದಾರಿ ಹಿಡಿಯುವ ಮುನ್ನ ಹಲವು ವರ್ಷಗಳ ಗಟ್ಟಿ ವ್ಯವಹಾರ ಬೇಕು. ಅಧೀನ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ರೈತರ ಕಂಪನಿಯಲ್ಲೇ ಉಳಿಯುವಂತೆ ಬರಹದಲ್ಲಿ ಕಟ್ಟಿಹಾಕಬೇಕು.

ಇನ್ನು ಖಾಸಗಿ ಗಿರಣಿ ನಡೆಸುವ ಮನೆತನದವರ ಮಾತು. ಅವರಿಗೆ ಕಾನೂನಿನ ತಡೆಯಿಲ್ಲ. ಆದರೆ ಕೋಟಿ ರೂ. ಲಾಭ ವರ್ಷ ವರ್ಷವೂ ನಿಲ್ಲುವವರೆಗೆ, ಮನೆಯ ಖರ್ಚು ಮತ್ತು ಗಿರಣಿಯ ಖರ್ಚು ಬೇರೆಯಾಗುವವರೆಗೆ, ಬ್ಯಾಂಕಿನ ಸಾಲವೇ ಅಗ್ಗ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಲೇಸು.

ಷೇರು ಮಾರಲು ಬಂದವರ ಬಗ್ಗೆ ಎಚ್ಚರ

“ಈ ಕಂಪನಿ ಬೇಗ ಪೇಟೆಗೆ ಬರಲಿದೆ, ಈಗಲೇ ಷೇರು ಕೊಳ್ಳಿ” ಎಂದು ಯಾರಾದರೂ ಹಳ್ಳಿಗೆ ಬಂದರೆ ಮೂರು ಸಂಗತಿ ಕೇಳಬೇಕು. ಅದು ಖಾಸಗಿ ಕಂಪನಿಯೇ? ಹಾಗಿದ್ದರೆ ಸಾರ್ವಜನಿಕರನ್ನು ಆಹ್ವಾನಿಸುವುದೇ ತಪ್ಪು. ಹಣವನ್ನು ನಗದಾಗಿ ಕೇಳುತ್ತಾರೆಯೇ? ಖಾಸಗಿಯಾಗಿ ಷೇರು ಕೊಡುವಾಗಲೂ ಹಣ ಬ್ಯಾಂಕಿನ ಮೂಲಕವೇ ಹೋಗಬೇಕೆಂದು ಕಾನೂನು. ಸೆಬಿಗೆ ಸಲ್ಲಿಸಿದ ವಿವರಣಾ ಪತ್ರ ಇದೆಯೇ? ಇಲ್ಲವಾದರೆ ತಂಬಾಕಿನ ಹಣ ಕೈಗೆ ಬಂದ ದಿನ ಅಂಥವರಿಂದ ದೂರವಿರುವುದೇ ಜಾಣತನ.

ಮುಂದಿನ ಮಹಾಸಭೆಗೆ ಮೊದಲು

ಉತ್ಪಾದಕರ ಕಂಪನಿಯ ಮಹಾಸಭೆಗೆ ಸದಸ್ಯರಲ್ಲಿ ನಾಲ್ಕನೇ ಒಂದು ಭಾಗ ಹಾಜರಿರಬೇಕು. 600 ಜನರಿದ್ದರೆ 150. ವಿಸ್ತರಣಾ ಕಾರ್ಯಕರ್ತರು ಈ ಸಭೆಗಳಲ್ಲಿ ಪರಿಶೋಧಿತ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳುವ ಏರ್ಪಾಡು ಮಾಡಿಸಬೇಕು. ಎಷ್ಟು ಸದಸ್ಯರು ಈ ವರ್ಷ ಮಾಲು ಹಾಕಿದರು, ಎಷ್ಟು ಜನ ಬರಿಯ ಷೇರುದಾರರಾಗಿ ಉಳಿದರು ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಮಾಲನ್ನು ಬೇರೆಯವರಿಗೆ ಮಾರಿ, ಬಂಡವಾಳವನ್ನು ಮಾತ್ರ ಕಂಪನಿಯಿಂದ ನಿರೀಕ್ಷಿಸುವ ಸದಸ್ಯರು ಹೆಚ್ಚಿದ್ದಲ್ಲಿ ಯಾವ ಪೇಟೆಯ ಹಣವೂ ಆ ಕಂಪನಿಯನ್ನು ಎತ್ತಲಾರದು.

ಹೊಗೆಸೊಪ್ಪಿನ ಜೊತೆಗೆ ಶುಂಠಿ, ಜೋಳ, ರಾಗಿ, ಬಾಳೆಗಳಿಗೂ ಒಳ್ಳೆಯ ಬೆಲೆ ಹುಡುಕಬೇಕಾದ ಕಾಲವಿದು. ಅದಕ್ಕೆ ಕಂಪನಿ ಬೇಕು, ಬಂಡವಾಳವೂ ಬೇಕು. ಆದರೆ ಹರಾಜು ಕಟ್ಟೆಯಲ್ಲಿ ನಿಂತು ನೋಡುತ್ತಿದ್ದ ರೈತ, ತನ್ನದೇ ಕಂಪನಿಯ ಸಭೆಯಲ್ಲೂ ನಿಂತು ನೋಡುವವನಾಗಬಾರದು. ಮತವನ್ನು ಉಳಿಸಿಕೊಂಡು ಹಣ ತರುವ ದಾರಿಯನ್ನೇ ರೈತ ಬಾಂಧವರು ಆರಿಸಿಕೊಳ್ಳುವುದು ಹಿತ.