ಬೆರಳಿನ ಯಂತ್ರ ಹೇಳುವುದೆಲ್ಲ ನಿಜವೇ?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಆಶಾ ಕಾರ್ಯಕರ್ತೆಯರು ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದ ಪುಟ್ಟ ಯಂತ್ರ ನಿಮಗೆಲ್ಲ ನೆನಪಿರಬೇಕು. ಅದೇ ಪಲ್ಸ್ ಆಕ್ಸಿಮೀಟರ್. ಈಗ ಎಷ್ಟೋ ಮನೆಗಳಲ್ಲಿ ಅದು ಇದೆ. ಕೆಲವು ಕೈಗಡಿಯಾರಗಳಲ್ಲೂ ಬಂದಿದೆ. ಸಂಘದ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನ ವಾರ ತಿದ್ದಬಹುದು. ಈ ಅಂಕಿ ತಪ್ಪಿದರೆ ಜೀವಕ್ಕೇ ಸಂಚಕಾರ.

1970ರ ದಶಕದಲ್ಲಿ ಜಪಾನಿನ ತಕುವೊ ಅಯೊಯಾಗಿ ಎಂಬ ಎಂಜಿನಿಯರ್ ಇದರ ತತ್ವವನ್ನು ಕಂಡುಹಿಡಿದರು. ಯಂತ್ರವು ಬೆರಳಿನೊಳಗೆ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಹಾಯಿಸುತ್ತದೆ. ಆಮ್ಲಜನಕ ಕಡಿಮೆ ಇರುವ ರಕ್ತ ಕೆಂಪು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ. ನಾಡಿ ಬಡಿದಂತೆಲ್ಲ ಬೆಳಕು ಏರಿಳಿಯುವುದನ್ನು ನೋಡಿ ಯಂತ್ರ ಲೆಕ್ಕ ಹಾಕುತ್ತದೆ.

ಹಾಗಾಗಿ ಬೆಳಕಿಗೆ ಅಡ್ಡ ಬಂದದ್ದೆಲ್ಲ ಲೆಕ್ಕ ಕೆಡಿಸಬಹುದು. ಉಗುರಿನ ಬಣ್ಣ, ಕಪ್ಪು ಮೆಹಂದಿ, ತಣ್ಣಗಿನ ಕೈ, ಅಲುಗಾಡುವ ಬೆರಳು, ಎಲ್ಲವೂ. ಚರ್ಮದ ಬಣ್ಣವೂ ಅಷ್ಟೇ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಳಿಯರಿಗಿಂತ ಕರಿಯ ರೋಗಿಗಳಲ್ಲಿ ಆಮ್ಲಜನಕದ ಕೊರತೆ ಯಂತ್ರದ ಕಣ್ಣು ತಪ್ಪಿಸಿದ್ದು ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂತು. ಯಂತ್ರ 90 ತೋರಿಸಿದರೆ ನಿಜವಾಗಿ 86ರಿಂದ 94ರವರೆಗೆ ಎಷ್ಟಾದರೂ ಇರಬಹುದು.

ಹಾಗಾದ್ರೆ ಏನು ಮಾಡಬೇಕು?

- ಉಗುರಿನ ಬಣ್ಣ ತೆಗೆಯಿರಿ. ಮೆಹಂದಿ ಇದ್ದರೆ ಅದು ಇಲ್ಲದ ಬೆರಳಿಗೆ ಹಾಕಿ.
- ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ.
- ಐದು ನಿಮಿಷ ಸುಮ್ಮನೆ ಕುಳಿತು, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡಿಸದೆ ಇಡಿ.
- ಅಂಕಿ ಒಂದೇ ಕಡೆ ನಿಂತ ಮೇಲೆ ದಿನಾಂಕ, ಸಮಯ ಹಾಕಿ ಬರೆದಿಡಿ. ಒಂದು ಸಲದ ಅಂಕಿಗಿಂತ ದಿನದಿಂದ ದಿನಕ್ಕೆ ಇಳಿಯುತ್ತಿದೆಯೇ ಎಂಬುದು ಮುಖ್ಯ.

ಇನ್ನೂ ಎರಡು ಮಾತು ಮರೆಯಬೇಡಿ. ಈ ಯಂತ್ರ ರಕ್ತಹೀನತೆಯನ್ನು ತೋರಿಸುವುದಿಲ್ಲ. ಬುಟ್ಟಿ ಚಿಕ್ಕದಾದರೂ ತುಂಬಿದ್ದರೆ ಅದಕ್ಕೆ ‘ತುಂಬಿದೆ’ ಎಂದೇ ಲೆಕ್ಕ. ಆದ್ದರಿಂದ ಯಂತ್ರ 98 ತೋರಿಸಿತು ಅಂತ ಹಿಮೋಗ್ಲೋಬಿನ್ ಪರೀಕ್ಷೆ ಬಿಡಬೇಡಿ. ಹಾಗೆಯೇ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆಯ ವಿಷ ರಕ್ತಕ್ಕೆ ಸೇರಿದರೂ ಅದು ‘ಚೆನ್ನಾಗಿದೆ’ ಎಂದೇ ಹೇಳೀತು.

94ಕ್ಕಿಂತ ಕಡಿಮೆ ಬಂದರೆ ವೈದ್ಯರನ್ನು ಕಾಣಿ. ಅಂಕಿ ಎಷ್ಟೇ ಚೆನ್ನಾಗಿದ್ದರೂ ಉಸಿರಾಟಕ್ಕೆ ಕಷ್ಟವಾದರೆ, ತುಟಿ ನೀಲಿಯಾದರೆ, ಎದೆ ನೋವು ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ‘ಅಂಕಿ ಸರಿಯಾಗಿದೆ, ಸುಮ್ಮನೆ ಮಲಗು’ ಅಂತ ಮನೆಯವರು ಹೇಳಿದರೂ ಕೇಳಬೇಡಿ. ಯಂತ್ರಕ್ಕಿಂತ ಮೊದಲು ನಿಮ್ಮ ದೇಹದ ಮಾತನ್ನು ನಂಬಿ.